ನೀರನ್ನು ಎಲ್ಲಿ ತಡೆಯಬೇಕು? ಭೂದೃಶ್ಯ ಮಾದರಿಯ ಬಗ್ಗೆ ಒಂದು ಪಾಠ

ಇಂಗ್ಲೆಂಡಿನ ಉತ್ತರ ಯಾರ್ಕ್‌ಶೈರಿನಲ್ಲಿ ಪಿಕರಿಂಗ್ ಅಂತ ಒಂದು ಸಣ್ಣ ಪೇಟೆ ಇದೆ. ಹಬೆ ಇಂಜಿನ್ನಿನ ರೈಲು ನೋಡೋಕೆ ಹೋದವರಿಗೆ ಈ ಹೆಸರು ಗೊತ್ತಿರುತ್ತದೆ. ನಾರ್ತ್ ಯಾರ್ಕ್‌ಶೈರ್ ಮೂರ್ಸ್ ರೈಲ್ವೆಯ ಒಂದು ಕೊನೆ ಈ ಊರು. ಊರಿನ ಮಧ್ಯೆ ಪಿಕರಿಂಗ್ ಬೆಕ್ ಹರಿಯುತ್ತದೆ. ಆ ಸೀಮೆಯ ಮಾತಿನಲ್ಲಿ ಬೆಕ್ ಎಂದರೆ ಹಳ್ಳ. ಮಾಮೂಲು ದಿನಗಳಲ್ಲಿ ಬಾತುಕೋಳಿಗಳಿಗೆ ಬಿಟ್ಟರೆ ಬೇರೆ ಯಾರಿಗೂ ಲೆಕ್ಕಕ್ಕಿಲ್ಲದ ಈ ಹಳ್ಳ 1999, 2000, 2002 ಮತ್ತು 2007ರಲ್ಲಿ ಊರೊಳಕ್ಕೆ ನುಗ್ಗಿತು.

ಎಂಟು ವರ್ಷಕ್ಕೆ ನಾಲ್ಕು ಸಲ. ಊರಿನವರು ಕೇಳಿದ್ದು ತಡೆಗೋಡೆ. ಸರ್ಕಾರದ ಲೆಕ್ಕದಲ್ಲಿ ಅದು ಪಾಸಾಗಲಿಲ್ಲ, ಯಾಕೆಂದರೆ ಗೋಡೆಯ ಖರ್ಚಿಗೆ ಹೋಲಿಸಿದರೆ ಉಳಿಯುವ ಮನೆಗಳ ಸಂಖ್ಯೆ ಕಡಿಮೆ. ದೊಡ್ಡ ನಗರವಾಗಿದ್ದರೆ ಇದೇ ಲೆಕ್ಕ ತಿರುಗಿಬೀಳುತ್ತಿತ್ತು. ಸಣ್ಣ ಊರುಗಳ ಪಾಡು ಎಲ್ಲ ದೇಶದಲ್ಲೂ ಹೀಗೇ ಇರಬೇಕು ಅಂತ ನಮಗೆ ಅನ್ನಿಸಿತು.

ಊರಲ್ಲಿ ನೀರನ್ನು ತಡೆಯಲು ಆಗದಿದ್ದರೆ ಊರಿನ ಮೇಲ್ಭಾಗದಲ್ಲಿ ತಡೆಯಬೇಕು. ಪಿಕರಿಂಗಿಗೆ ನೀರು ಕೊಡುವ ಜಲಾನಯನ ಪ್ರದೇಶ ಸುಮಾರು 69 ಚದರ ಕಿಲೋಮೀಟರ್. ಅದರಲ್ಲಿ ಹೆದರ್ ಪೊದೆಯ ಬೋಳುಗುಡ್ಡಗಳಿವೆ, ನೆಡುತೋಪುಗಳಿವೆ, ಕುರಿ ಮೇಯುವ ಹುಲ್ಲುಗಾವಲುಗಳಿವೆ, ನ್ಯೂಟನ್‌ಡೇಲ್ ಎಂಬ ಆಳವಾದ ಕಣಿವೆಯಿದೆ. ಇಷ್ಟು ನೆಲದಲ್ಲಿ ಎಲ್ಲಿ ಮರ ನೆಡೋದು, ಎಲ್ಲಿ ಕಟ್ಟೆ ಹಾಕೋದು, ಯಾರ ಹೊಲವನ್ನು ಕೇಳೋದು? ಇದನ್ನು ತೀರ್ಮಾನಿಸಲು ಭೂದೃಶ್ಯ ಮಾದರಿ ಬೇಕಾಗುತ್ತದೆ. ಪರಿಸರ, ಭೂಗೋಳ ಅಥವಾ ಸಿವಿಲ್ ಓದುವವರು ಇಲ್ಲಿ ಒಂದಲ್ಲ ಒಂದು ಸೆಮಿಸ್ಟರಿನಲ್ಲಿ ಈ ಹೆಸರು ಕೇಳೇ ಕೇಳ್ತಾರೆ. ಕಂಪ್ಯೂಟರ್ ಸೈನ್ಸಿನ ಗೆಳೆಯರಿಗೂ ತಿಳಿಯುವ ಹಾಗೆ, ಕನ್ನಡದಲ್ಲಿ, ಬುಡದಿಂದ ಹೇಳಲು ಪ್ರಯತ್ನಿಸುತ್ತೇವೆ.

ನೆಲವನ್ನು ಚೌಕಗಳಾಗಿ ಮಾಡುವುದು

ಭೂದೃಶ್ಯ ಮಾದರಿ ಶುರುವಾಗುವುದು ಎತ್ತರದ ನಕ್ಷೆಯಿಂದ. ವಿಮಾನದಿಂದ ಲೇಸರ್ ಕಿರಣ ಬಿಟ್ಟು, ಅದು ನೆಲಕ್ಕೆ ತಾಗಿ ವಾಪಸ್ ಬರುವ ಸಮಯವನ್ನು ಅಳೆದು, ನೆಲದ ಎತ್ತರ ಕಂಡುಹಿಡಿಯುತ್ತಾರೆ. ಇದಕ್ಕೆ ಲೈಡಾರ್ ಅಂತ ಹೆಸರು. ಆಮೇಲೆ ಇಡೀ ಪ್ರದೇಶವನ್ನು ಗಣಿತದ ನೋಟ್‌ಬುಕ್ಕಿನ ಹಾಳೆಯಂತೆ ಚೌಕ ಚೌಕ ಮಾಡಿ, ಪ್ರತಿ ಚೌಕಕ್ಕೂ ಒಂದು ಎತ್ತರ ಬರೆದಿಡುತ್ತಾರೆ.

ಈಗ ಒಂದು ಚೌಕದ ಮೇಲೆ ಮಳೆ ಬಿತ್ತು ಅನ್ನಿ. ನೀರು ಎತ್ತ ಹೋಗುತ್ತೆ? ಸುತ್ತ ಎಂಟು ನೆರೆಚೌಕಗಳಿವೆ. ಅವುಗಳಲ್ಲಿ ಅತಿ ಕಡಿದಾದ ಇಳಿಜಾರು ಯಾವ ಕಡೆಗಿದೆಯೋ ಆ ಕಡೆಗೆ ಹೋಗುತ್ತದೆ ಎನ್ನುವುದು ಅತ್ಯಂತ ಸರಳವಾದ ನಿಯಮ. ಚೌಕದ ಅಗಲ 10 ಮೀಟರ್ ಇರಲಿ. ಪೂರ್ವದ ಚೌಕ 1 ಮೀಟರ್ ತಗ್ಗಿನಲ್ಲಿದೆ, ಆಗ್ನೇಯದ ಚೌಕ 1.2 ಮೀಟರ್ ತಗ್ಗಿನಲ್ಲಿದೆ. ತಗ್ಗು ಹೆಚ್ಚಿರುವ ಆಗ್ನೇಯಕ್ಕೇ ನೀರು ಹೋಗಬೇಕಲ್ಲ ಅನ್ನಬಹುದು. ಆದರೆ ಮೂಲೆಯ ಚೌಕಕ್ಕೆ ದೂರ 10 ಅಲ್ಲ, 14.1 ಮೀಟರ್. ಪೂರ್ವಕ್ಕೆ ಇಳಿಜಾರು 0.1, ಆಗ್ನೇಯಕ್ಕೆ 0.085. ಹಾಗಾಗಿ ನೀರು ಪೂರ್ವಕ್ಕೆ ಹೋಗುತ್ತದೆ. ಹೀಗೆ ಪ್ರತಿ ಚೌಕಕ್ಕೂ ಒಂದು ಬಾಣ ಹಾಕುತ್ತಾ ಹೋದರೆ, ಬಾಣಗಳು ಸೇರಿ ತೊರೆ, ತೊರೆ ಸೇರಿ ಹಳ್ಳ ಆಗುವುದು ಪರದೆಯ ಮೇಲೆ ಕಾಣಿಸುತ್ತದೆ.

ಎತ್ತರ ಒಂದೇ ಸಾಲದು. ಮಣ್ಣು ಯಾವುದು, ಮೇಲೆ ಏನು ಬೆಳೆದಿದೆ, ಮಳೆ ಎಷ್ಟು ಹೊತ್ತು ಎಷ್ಟು ಬಿತ್ತು ಇವೂ ಬೇಕು. 1979ರಲ್ಲಿ ಕೀತ್ ಬೆವೆನ್ ಮತ್ತು ಮೈಕ್ ಕರ್ಕ್‌ಬಿ ಟಾಪ್‌ಮಾಡೆಲ್ ಎಂಬ ಮಾದರಿಯನ್ನು ಪ್ರಕಟಿಸಿದರು. ಅದರ ಒಂದು ಯೋಚನೆ ಈಗಲೂ ಎಲ್ಲ ಕಡೆ ಬಳಕೆಯಲ್ಲಿದೆ. ಒಂದು ಜಾಗಕ್ಕೆ ಮೇಲಿನಿಂದ ಎಷ್ಟು ನೆಲದ ನೀರು ಬಂದು ಸೇರುತ್ತದೆ ಎಂಬುದನ್ನು ಆ ಜಾಗದ ಇಳಿಜಾರಿನಿಂದ ಭಾಗಿಸಿ, ಅದರ ಲಾಗರಿದಮ್ ತೆಗೆಯುತ್ತಾರೆ. ಹೆಚ್ಚು ನೀರು ಬಂದು ಇಳಿಜಾರು ಕಡಿಮೆಯಿದ್ದರೆ ಆ ಜಾಗ ಬೇಗ ತೊಯ್ದು ತುಂಬುತ್ತದೆ, ಅಲ್ಲಿ ಬಿದ್ದ ಹೊಸ ಮಳೆ ಇಂಗದೆ ಮೇಲೇ ಹರಿಯುತ್ತದೆ. ಗದ್ದೆ ಮಾಡುವವರಿಗೆ ಇದು ಹೊಸ ಸುದ್ದಿಯೇನಲ್ಲ. ಯಾವ ಮೂಲೆಯಲ್ಲಿ ಜೌಗು, ಎಲ್ಲಿ ಮಳೆ ನಿಂತು ಮೂರು ದಿನ ಆದರೂ ಕಾಲು ಹೂತುಹೋಗುತ್ತೆ ಅಂತ ಅವರಿಗೆ ಗೊತ್ತು. ಮಾದರಿ ಅದನ್ನೇ 69 ಚದರ ಕಿಲೋಮೀಟರಿಗೆ ಒಂದೇ ಸಲ ಹೇಳುತ್ತದೆ, ಅಷ್ಟೇ ವ್ಯತ್ಯಾಸ.

ಒಂದು ಲೆಕ್ಕ ಮಾಡೋಣ

ಈ ಪಾಠದಲ್ಲಿ ಒಂದೇ ಒಂದು ವಿಷಯ ತಲೆಯಲ್ಲಿ ಉಳಿಯಬೇಕಾದರೆ ಅದು ಈ ಲೆಕ್ಕವೇ ಆಗಲಿ. ಪೆನ್ನು ಪೇಪರ್ ಇದ್ದರೆ ಒಳ್ಳೆಯದು.

ಊರಿನ ಮೇಲೆ ಎರಡು ಹಳ್ಳಗಳು ಸೇರುತ್ತವೆ ಅಂತಿಟ್ಟುಕೊಳ್ಳಿ. ಮೊದಲನೆಯದು ಹತ್ತಿರದ್ದು, ಬೇಗ ಏರಿ ಬೇಗ ಇಳಿಯುತ್ತದೆ. ಎರಡನೆಯದು ದೂರದ್ದು, ತಡವಾಗಿ ಏರುತ್ತದೆ. ಒಂದು ಜೋರು ಮಳೆಯ ನಂತರ ಗಂಟೆಗೊಮ್ಮೆ ಅಳೆದ ಹರಿವು, ಸೆಕೆಂಡಿಗೆ ಘನ ಮೀಟರುಗಳಲ್ಲಿ, ಹೀಗಿದೆ ಎನ್ನಿ. ಸಂಖ್ಯೆಗಳು ಪಾಠಕ್ಕಾಗಿ ನಾವೇ ಹಾಕಿಕೊಂಡವು.

ಹತ್ತಿರದ ಹಳ್ಳ: 2, 8, 10, 6, 3, 2, 2
ದೂರದ ಹಳ್ಳ: 2, 2, 4, 8, 10, 6, 3
ಊರಿನಲ್ಲಿ ಒಟ್ಟು: 4, 10, 14, 14, 13, 8, 5

ಗರಿಷ್ಠ ಹರಿವು 14. ಊರಿನ ಸೇತುವೆಯ ಕೆಳಗೆ 13 ಮಾತ್ರ ಹಿಡಿಯುತ್ತದೆ ಅಂದರೆ ಊರಿಗೆ ನೀರು ನುಗ್ಗಿತು.

ಈಗ ದೂರದ ಹಳ್ಳದಲ್ಲಿ ಮರದ ದಿಮ್ಮಿಗಳ ಅಡ್ಡಗಟ್ಟೆ ಹಾಕಿ ಅದನ್ನು ಒಂದು ಗಂಟೆ ತಡ ಮಾಡಿದೆವು. ಅದರ ಹರಿವು 2, 2, 2, 4, 8, 10, 6 ಆಯಿತು. ಒಟ್ಟು: 4, 10, 12, 10, 11, 12, 8. ಗರಿಷ್ಠ 12. ಊರು ಬಚಾವ್.

ಅದೇ ಅಡ್ಡಗಟ್ಟೆಗಳನ್ನು, ಅದೇ ಖರ್ಚಿನಲ್ಲಿ, ಹತ್ತಿರದ ಹಳ್ಳದಲ್ಲಿ ಹಾಕಿದ್ದರೆ? ಅದರ ಹರಿವು 2, 2, 8, 10, 6, 3, 2 ಆಗುತ್ತದೆ. ಒಟ್ಟು: 4, 4, 12, 18, 16, 9, 5. ಗರಿಷ್ಠ 18! ಏನೂ ಮಾಡದೆ ಸುಮ್ಮನಿದ್ದಿದ್ದರೆ 14 ಇರುತ್ತಿತ್ತು. ಮೊದಲು ಹತ್ತಿರದ ಹಳ್ಳದ ನೀರು ಮುಂದೆ ಹೋಗಿಬಿಡುತ್ತಿತ್ತು, ಈಗ ಎರಡೂ ಹಳ್ಳಗಳ ನೀರು ಕೈಕೈ ಹಿಡಿದುಕೊಂಡು ಒಟ್ಟಿಗೆ ಬಂದವು.

ನಿಜವಾದ ಅಡ್ಡಗಟ್ಟೆ ನೀರನ್ನು ತಡ ಮಾಡುವುದಷ್ಟೇ ಅಲ್ಲ, ಪಕ್ಕದ ದಡಕ್ಕೆ ಹರಡಿಸಿ ಗರಿಷ್ಠ ಹರಿವನ್ನೂ ಸ್ವಲ್ಪ ತಗ್ಗಿಸುತ್ತದೆ. ಆದ್ದರಿಂದ ನಿಜ ಪರಿಣಾಮ ಇಷ್ಟು ಕೆಟ್ಟದಾಗಿ ಇರಬೇಕಿಲ್ಲ. ಆದರೂ ದಿಕ್ಕು ಇದೇ. "ಎಲ್ಲಿ ಬೇಕಾದರೂ ಮರ ನೆಡಿ, ಒಳ್ಳೆಯದೇ ಆಗುತ್ತೆ" ಎಂಬ ಮಾತನ್ನು ನಾವು ಎಷ್ಟೋ ಕಡೆ ಕೇಳುತ್ತೇವೆ. ಪ್ರವಾಹದ ಮಟ್ಟಿಗೆ ಹೇಳುವುದಾದರೆ ಆ ಮಾತು ನಿಲ್ಲುವುದಿಲ್ಲ. ಎರಡು ಹಳ್ಳವಿದ್ದರೆ ಕೈಲೆಕ್ಕ ಸಾಕು. ನೂರಾರು ಕವಲುಗಳಿದ್ದಾಗ, ಪ್ರತಿ ಕವಲಿನಲ್ಲೂ ಕಟ್ಟೆ ಹಾಕಬಹುದು ಅಥವಾ ಬಿಡಬಹುದು ಎಂದಾಗ, ಎಣಿಸಲಾಗದಷ್ಟು ಸಾಧ್ಯತೆಗಳಾಗುತ್ತವೆ. ಕಂಪ್ಯೂಟರ್ ಬೇಕಾಗುವುದು ಅಲ್ಲಿ.

ಪಿಕರಿಂಗಿನಲ್ಲಿ ನಡೆದದ್ದು

2007ರ ಪ್ರವಾಹದ ಹೊತ್ತಿಗೆ ಆಕ್ಸ್‌ಫರ್ಡಿನ ಸಾರಾ ವಾಟ್‌ಮೋರ್, ಡರಮ್‌ನಲ್ಲಿದ್ದ ಸ್ಟುವರ್ಟ್ ಲೇನ್ ಮತ್ತು ಅವರ ಜೊತೆಯವರು ಒಂದು ವಿಚಿತ್ರ ಪ್ರಯೋಗಕ್ಕೆ ಕೈಹಾಕಿದ್ದರು. ವಿಜ್ಞಾನಿಗಳು ಮಾದರಿ ಮಾಡಿ ಕೊನೆಗೆ ಊರಿನವರಿಗೆ ತೋರಿಸುವುದು ವಾಡಿಕೆ. ಇಲ್ಲಿ ಊರಿನವರನ್ನೇ ಮೊದಲ ದಿನದಿಂದ ಮಾದರಿ ಮಾಡಲು ಕೂರಿಸಿಕೊಂಡರು. ರೈಡೇಲ್ ಪ್ರವಾಹ ಸಂಶೋಧನಾ ತಂಡ ಅಂತ ಅದರ ಹೆಸರು. ತಿಂಗಳುಗಟ್ಟಲೆ ಸೇರಿ, ಹಳೆಯ ಫೋಟೋ ನೋಡಿ, ಕಣಿವೆ ಸುತ್ತಿ, ಪರದೆಯ ಮುಂದೆ ಕೂತು ಮಾತಾಡಿದರು. ಸಿದ್ಧ ಸಾಫ್ಟ್‌ವೇರುಗಳು ಊರೊಳಗಿನ ಹರಿವನ್ನು ಚೆನ್ನಾಗಿ ತೋರಿಸುತ್ತಿದ್ದವು. ಆದರೆ ಊರಿನವರು ಕೇಳುತ್ತಿದ್ದುದು ಮೇಲ್ಭಾಗದಲ್ಲಿ ನೀರು ಹಿಡಿದಿಡುವ ಬಗ್ಗೆ. ಹಾಗಾಗಿ ಅದಕ್ಕೇ ಸರಿಹೊಂದುವ ಸರಳ ಮಾದರಿಯೊಂದನ್ನು ತಂಡದೊಳಗೇ ಕಟ್ಟಿದರು. ಕಣಿವೆಯ ಉದ್ದಕ್ಕೂ ಸಣ್ಣ ಸಣ್ಣ ಒಡ್ಡುಗಳನ್ನು ಹಾಕಿದರೆ ಏನಾಗುತ್ತದೆ ಎಂದು ಅದರಲ್ಲಿ ನೋಡಿದರು.

ಒಡ್ಡಿಗೆ ಅವರು ಬಳಸುವ ಇಂಗ್ಲಿಷ್ ಪದ ಬಂಡ್. ನಮ್ಮ ಕಡೆ ಇಂಜಿನಿಯರುಗಳ ಬಾಯಲ್ಲಿ ಓಡಾಡುವ ಪದವೇ. ಪಾರ್ಸಿಯಿಂದ ಹಿಂದೂಸ್ತಾನಿಗೆ ಬಂದು, ಭಾರತದಿಂದ ಇಂಗ್ಲಿಷಿಗೆ ಹೋದದ್ದು. ಯಾರ್ಕ್‌ಶೈರಿನ ಕಣಿವೆಗೂ ಅದು ತಲುಪಿದೆ ಅನ್ನೋದು ನಮಗೆ ಒಂಥರಾ ಖುಷಿ ಕೊಟ್ಟಿತು.

2009ರಲ್ಲಿ "ಹರಿವನ್ನು ನಿಧಾನಿಸುವುದು" ಎಂಬ ಅರ್ಥದ ಹೆಸರಿನಲ್ಲಿ ಸರ್ಕಾರದ ಪ್ರಾಯೋಗಿಕ ಯೋಜನೆ ಶುರುವಾಯಿತು. ಅರಣ್ಯ ಸಂಶೋಧನಾ ಸಂಸ್ಥೆಯಾದ ಫಾರೆಸ್ಟ್ ರಿಸರ್ಚ್ ಮುಂದಾಳತ್ವ ವಹಿಸಿತು. ಎನ್ವಿರಾನ್‌ಮೆಂಟ್ ಏಜೆನ್ಸಿ, ನ್ಯಾಷನಲ್ ಪಾರ್ಕ್ ಪ್ರಾಧಿಕಾರ, ಡರಮ್ ವಿಶ್ವವಿದ್ಯಾಲಯ ಎಲ್ಲ ಕೈಜೋಡಿಸಿದವು. ಡರಮ್‌ನವರ ಓವರ್‌ಫ್ಲೋ ಎಂಬ ಮಾದರಿಯಲ್ಲಿ ನಾವು ಮೇಲೆ ಮಾಡಿದ ಲೆಕ್ಕದ ದೊಡ್ಡ ರೂಪವನ್ನು ಮಾಡಿದರು. ಯಾವ ಕವಲಿನಲ್ಲಿ ದಿಮ್ಮಿ ಹಾಕಿದರೆ, ಯಾವ ದಡದಲ್ಲಿ ಮರ ನೆಟ್ಟರೆ ಪಿಕರಿಂಗಿನ ಸೇತುವೆಯ ಹತ್ತಿರ ನೀರು ಇಳಿಯುತ್ತದೆ, ಯಾವುದರಲ್ಲಿ ಹಾಕಿದರೆ ಏರುತ್ತದೆ ಅಂತ ಒಂದೊಂದಾಗಿ ಓಡಿಸಿ ನೋಡಿದರು.

ಕೊನೆಗೆ ನೆಲದ ಮೇಲೆ ಆದದ್ದು ಇಷ್ಟು: ದಿಮ್ಮಿ ಕೊಂಬೆಗಳಿಂದ ಮಾಡಿದ 167 ಸೋರುವ ಅಡ್ಡಗಟ್ಟೆಗಳು, ಬೋಳುಗುಡ್ಡದ ಕಾಲುವೆಗಳಲ್ಲಿ ಹೆದರ್ ಪೊದೆಯ ಕಂತೆಗಳಿಂದ ಕಟ್ಟಿದ 187 ತಡೆಗಳು, ಸುಮಾರು 40,000 ಗಿಡಗಳು. ಇವುಗಳ ಜೊತೆಗೆ ನ್ಯೂಟನ್‌ಡೇಲ್ ಕಣಿವೆಯಲ್ಲಿ 1,20,000 ಘನ ಮೀಟರ್ ನೀರು ಹಿಡಿಯುವ ಒಂದು ಮಣ್ಣಿನ ಒಡ್ಡು. ಸೋರುವ ಅಡ್ಡಗಟ್ಟೆ ಅಂದರೆ ಹೆಸರೇ ಹೇಳುವ ಹಾಗೆ. ಮಾಮೂಲು ನೀರು ಅದರ ಅಡಿಯಿಂದ ಹರಿದುಹೋಗುತ್ತದೆ, ಮೀನೂ ಹೋಗುತ್ತದೆ, ನೆರೆ ಬಂದಾಗ ಮಾತ್ರ ತಡೆಯುತ್ತದೆ.

ಸಣ್ಣ ಸಣ್ಣ ಒಡ್ಡುಗಳ ಕನಸು ಒಂದು ದೊಡ್ಡ ಒಡ್ಡಾಗಿ ಮುಗಿದದ್ದೇಕೆ, ಅದೂ 2015ರವರೆಗೆ ಎಳೆದದ್ದೇಕೆ ಎಂದು ಕೇಳಬಹುದು. ಬ್ರಿಟನ್ನಿನ 1975ರ ಜಲಾಶಯ ಕಾಯ್ದೆಯ ಪ್ರಕಾರ ಸುತ್ತಲ ನೆಲಮಟ್ಟಕ್ಕಿಂತ ಮೇಲೆ 25,000 ಘನ ಮೀಟರಿಗಿಂತ ಹೆಚ್ಚು ನೀರು ನಿಲ್ಲಿಸುವ ಯಾವ ಕಟ್ಟೆಯಾದರೂ ಕಟ್ಟುನಿಟ್ಟಿನ ಸುರಕ್ಷತಾ ನಿಯಮಕ್ಕೆ ಒಳಪಡುತ್ತದೆ. ಅದು ವರ್ಷಪೂರ್ತಿ ಖಾಲಿ ಇದ್ದರೂ ಅಷ್ಟೇ. ಕೆಳಗೆ ಊರಿದೆ, ಒಡ್ಡು ಒಡೆದರೆ? ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ವಿನ್ಯಾಸ ಬದಲಾಯಿತು, ಖರ್ಚು ಬೆಳೆಯಿತು, ವರ್ಷಗಳು ಹೋದವು. ಮಾದರಿ ಓಡಿಸುವವರು ಇದನ್ನೂ ಕಲಿಯಬೇಕು. ನೀರಿನ ನಿಯಮಗಳ ಜೊತೆ ಕಾನೂನಿನ ಗೆರೆಗಳೂ ಲೆಕ್ಕದಲ್ಲಿ ಬರಬೇಕು, ಇಲ್ಲದಿದ್ದರೆ ಪರದೆಯ ಮೇಲಿನ ಉತ್ತಮ ಉತ್ತರ ನೆಲದ ಮೇಲೆ ಕಟ್ಟಲಾಗದ್ದು ಆಗಿಬಿಡುತ್ತದೆ.

ಒಡ್ಡು ಮುಗಿದ ಕೆಲವೇ ತಿಂಗಳಿಗೆ, 2015ರ ಡಿಸೆಂಬರ್ 26ರಂದು, ಉತ್ತರ ಇಂಗ್ಲೆಂಡಿನಲ್ಲಿ ಭಾರೀ ಪ್ರವಾಹ. ಯಾರ್ಕ್, ಲೀಡ್ಸ್ ನಗರಗಳ ಬೀದಿಗಳಲ್ಲಿ ನೀರು ನಿಂತಿತು. ಪಿಕರಿಂಗಿನ ಮೇಲ್ಭಾಗದಲ್ಲಿ 36 ಗಂಟೆಗಳಲ್ಲಿ ಸುಮಾರು 50 ಮಿಲಿಮೀಟರ್ ಮಳೆಯಾಗಿತ್ತು, ಊರಿಗೆ ನೀರು ಬರಲಿಲ್ಲ. ಪತ್ರಿಕೆಗಳು ಹಾಡಿ ಹೊಗಳಿದವು.

ಬಾರದ ಪ್ರವಾಹವನ್ನು ಅಳೆಯುವುದು

ಇಲ್ಲಿ ಸ್ವಲ್ಪ ನಿಧಾನಿಸೋಣ. ಊರಿಗೆ ನೀರು ಬರಲಿಲ್ಲ ಎನ್ನುವುದು ಕಣ್ಣಾರೆ ಕಂಡ ಸಂಗತಿ. ಆದರೆ ಕಟ್ಟೆಗಳಿಂದಾಗಿ ಬರಲಿಲ್ಲ ಎನ್ನುವುದು ಹಾಗಲ್ಲ. ಅದನ್ನು ಹೇಳಬೇಕಾದರೆ ಕಟ್ಟೆಗಳಿಲ್ಲದ ಇನ್ನೊಂದು ಪಿಕರಿಂಗ್ ಬೇಕು, ಅದರ ಮೇಲೆ ಅದೇ ಮಳೆ ಬೀಳಬೇಕು. ಆ ಇನ್ನೊಂದು ಪಿಕರಿಂಗ್ ಇರುವುದು ಮಾದರಿಯೊಳಗೆ ಮಾತ್ರ. ಯೋಜನೆಯವರು ಆಮೇಲೆ ಅಳತೆ ಮಾಡಿದ ಹರಿವನ್ನೂ ಮಾದರಿಯ ಲೆಕ್ಕವನ್ನೂ ಹೋಲಿಸಿ, ಗರಿಷ್ಠ ಹರಿವು ಶೇಕಡಾ 15ರಿಂದ 20ರಷ್ಟು ತಗ್ಗಿತ್ತು ಎಂದು ಅಂದಾಜು ಮಾಡಿದರು. ಅದರಲ್ಲಿ ಸುಮಾರು ಅರ್ಧ ಒಡ್ಡಿನಿಂದ, ಇನ್ನರ್ಧ ಮೇಲ್ಭಾಗದ ಅಡ್ಡಗಟ್ಟೆ ಇತ್ಯಾದಿಗಳಿಂದ. ಉಳಿದದ್ದು ಕೆಲವೇ ಕಟ್ಟಡಗಳು ಎಂಬುದನ್ನೂ ಅವರೇ ಹೇಳಿದ್ದಾರೆ. ಪತ್ರಿಕೆಯ ಶೀರ್ಷಿಕೆಗಳಿಗಿಂತ ಈ ಸಾಧಾರಣ ಸಂಖ್ಯೆ ನಮಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಅಂದು ಬಿದ್ದ ಮಳೆ ದೊಡ್ಡದಾದರೂ ಅತಿ ದೊಡ್ಡದಲ್ಲ. ಅದರ ಎರಡರಷ್ಟು ಬಿದ್ದಿದ್ದರೆ ಒಡ್ಡು ತುಂಬಿ ಕೋಡಿ ಹರಿದು, ಮಿಕ್ಕ ನೀರು ನೇರ ಊರಿಗೇ ಬರುತ್ತಿತ್ತು.

ವೇಲ್ಸಿನ ಪಾಂಟ್‌ಬ್ರೆನ್ ಎಂಬಲ್ಲಿಯ ಕಥೆಯೂ ಇದೇ ಮಾತನ್ನು ಬೇರೆ ದಾರಿಯಿಂದ ಹೇಳುತ್ತದೆ. ಸೆವರ್ನ್ ನದಿಯ ತಲೆಭಾಗದಲ್ಲಿ ಹತ್ತು ಕುರಿ ಸಾಕಣೆಯ ಕುಟುಂಬಗಳು ತಮ್ಮಷ್ಟಕ್ಕೆ ತಾವು ಬೇಲಿಸಾಲಿನಲ್ಲಿ ಮರ ನೆಟ್ಟರು, ಕುರಿಗಳಿಗೆ ಗಾಳಿಮರೆ ಆಗಲಿ ಅಂತ. ವಿಜ್ಞಾನಿಗಳು ಬಂದು ಅಳೆದಾಗ, ಕುರಿ ತುಳಿದ ಹುಲ್ಲುಗಾವಲಿಗಿಂತ ಮರಸಾಲಿನ ಕೆಳಗೆ ನೀರು ಇಂಗುವ ವೇಗ ಸುಮಾರು 60 ಪಟ್ಟು ಹೆಚ್ಚಿತ್ತು, ಅದೂ ನೆಟ್ಟ ಕೆಲವೇ ವರ್ಷಗಳಲ್ಲಿ. ಈ 60 ಪಟ್ಟು ಎಂಬ ಸಂಖ್ಯೆ ಭಾಷಣಗಳಲ್ಲಿ ಬಹಳ ಓಡುತ್ತದೆ. ಆದರೆ ಒಂದು ಮರಸಾಲಿನ ಅಳತೆಯನ್ನು ಇಡೀ ನದಿಗೆ ಗುಣಿಸಲು ಬರುವುದಿಲ್ಲ. ಅದೇ ಅಳತೆಗಳನ್ನಿಟ್ಟುಕೊಂಡು ಮಾದರಿ ಓಡಿಸಿದವರು ಕಂಡದ್ದು ಇದು: ಇಳಿಜಾರಿಗೆ ಅಡ್ಡಲಾಗಿ, ಸರಿಯಾದ ಜಾಗದಲ್ಲಿ ನೆಟ್ಟ ಸಾಲು ಸಣ್ಣ ಕಣಿವೆಯಲ್ಲಿ, ಮಾಮೂಲು ಮಳೆಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಮಳೆ ಅಪರೂಪದ್ದಾದಷ್ಟೂ, ಕಣಿವೆ ದೊಡ್ಡದಾದಷ್ಟೂ ಪರಿಣಾಮ ಕುಗ್ಗುತ್ತದೆ.

ಹಣ ಯಾರಿಗೆ, ಯಾವ ನೆಲಕ್ಕೆ

ಇದೆಲ್ಲ ಈಗ ಯಾಕೆ ಇಷ್ಟು ಮುಖ್ಯವಾಗಿದೆ ಅಂದರೆ ಹಣದ ಕಾರಣ. ಯೂರೋಪಿಯನ್ ಒಕ್ಕೂಟದಲ್ಲಿದ್ದಾಗ ಇಂಗ್ಲೆಂಡಿನ ರೈತರಿಗೆ ಬಹುಪಾಲು ಸಹಾಯಧನ ಬರುತ್ತಿದ್ದದ್ದು ಎಷ್ಟು ಹೆಕ್ಟೇರ್ ಇದೆ ಎಂಬ ಲೆಕ್ಕದಲ್ಲಿ. ಒಕ್ಕೂಟ ಬಿಟ್ಟ ಮೇಲೆ, 2020ರ ಕೃಷಿ ಕಾಯ್ದೆಯೊಂದಿಗೆ, ಸಾರ್ವಜನಿಕರ ಹಣ ಸಾರ್ವಜನಿಕರ ಒಳಿತಿಗೆ ಎಂಬ ತತ್ವ ಬಂತು. ಶುದ್ಧ ನೀರು, ಜೀವವೈವಿಧ್ಯ, ಪ್ರವಾಹ ತಡೆ ಇಂಥವುಗಳಿಗೆ ದುಡ್ಡು. ಅದರಲ್ಲಿ ಒಂದು ಭಾಗ ಬಿಡಿ ರೈತರಿಗಲ್ಲ, ಇಡೀ ಭೂದೃಶ್ಯಕ್ಕೇ ಮೀಸಲು. ನೂರಾರು, ಸಾವಿರಾರು ಹೆಕ್ಟೇರನ್ನು ಒಂದಾಗಿ ನೋಡಿ ಯೋಜನೆ ಹಾಕಬೇಕು. ಅಂದಮೇಲೆ ಯಾರ ಹೊಲದಲ್ಲಿ ನೀರು ನಿಂತರೆ ಊರಿಗೆ ಲಾಭ, ಯಾರ ಹೊಲದಲ್ಲಿ ನಿಂತರೆ ದಂಡ ಎಂದು ಹೇಳುವ ಮಾದರಿ ಈಗ ಒಬ್ಬನ ಆದಾಯವನ್ನೂ ತೀರ್ಮಾನಿಸುತ್ತದೆ. ಪಕ್ಕಪಕ್ಕದ ಎರಡು ಹೊಲ, ಒಂದಕ್ಕೆ ಹಣ ಬಂತು, ಇನ್ನೊಂದಕ್ಕೆ ಬರಲಿಲ್ಲ. ಯಾಕೆ ಅಂದರೆ "ಕಂಪ್ಯೂಟರ್ ಹೇಳಿತು" ಎಂಬ ಉತ್ತರ ಯಾವ ಹಳ್ಳಿಯಲ್ಲೂ ನಡೆಯುವುದಿಲ್ಲ. ರೈಡೇಲ್‌ನಲ್ಲಿ ಊರಿನವರನ್ನು ಮೊದಲೇ ಕೂರಿಸಿಕೊಂಡದ್ದರ ಬೆಲೆ ಗೊತ್ತಾಗುವುದು ಇಂಥಲ್ಲೇ.

ಜಾಗ ನೋಡದೆ ಹಣ ಸುರಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಸ್ಕಾಟ್‌ಲೆಂಡಿನ ಫ್ಲೋ ಕಂಟ್ರಿ ಇದೆ. ಸಾವಿರಾರು ವರ್ಷ ಕೊಳೆಯದೆ ಉಳಿದ ಸಸ್ಯಗಳಿಂದಾದ ಪೀಟ್ ಜೌಗುನೆಲ ಅದು. 1980ರ ದಶಕದಲ್ಲಿ ತೆರಿಗೆ ವಿನಾಯಿತಿಯ ಆಸೆಗೆ ಅಲ್ಲಿ ಕಾಲುವೆ ತೋಡಿ ನೀರು ಬಸಿದು ಸೂಜಿಎಲೆ ಮರಗಳನ್ನು ನೆಟ್ಟರು. 1988ರ ಬಜೆಟ್ಟಿನಲ್ಲಿ ಆ ವಿನಾಯಿತಿ ಹೋಯಿತು. ಒಣಗಿದ ಪೀಟ್ ಇಂಗಾಲ ಬಿಡುತ್ತದೆ. ಮರ ಹಿಡಿದಿಟ್ಟದ್ದನ್ನು ನೆಲ ಬಿಟ್ಟುಬಿಡುತ್ತದೆ. ಈಗ ಹಣ ಕೊಟ್ಟು ಅದೇ ಮರಗಳನ್ನು ಕಡಿದು ಕಾಲುವೆ ಮುಚ್ಚುತ್ತಿದ್ದಾರೆ, 2024ರಲ್ಲಿ ಆ ಪ್ರದೇಶ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ನೀವೇ ಮಾಡಿ ನೋಡಲು

ಇಂಗ್ಲೆಂಡಿನ ಬಹುಪಾಲು ನೆಲದ 1 ಮೀಟರ್ ಲೈಡಾರ್ ದತ್ತಾಂಶ ಎಲ್ಲರಿಗೂ ಉಚಿತ. ಕ್ಯೂಜಿಐಎಸ್ ಎಂಬ ತಂತ್ರಾಂಶವೂ ಉಚಿತ. ಒಂದು ಸಂಜೆ ಕೂತರೆ ನಿಮ್ಮ ಕ್ಯಾಂಪಸ್ಸಿನ ಪಕ್ಕದ ಹಳ್ಳದ ಜಲಾನಯನದ ಗಡಿ ಎಳೆಯಬಹುದು.

ಊರಿನ ನಕ್ಷೆ ಮಾಡಬೇಕು ಅಂತ ಆಸೆಯಾಗುವುದು ಸಹಜ. ಬೆಂಗಳೂರಿಗೋ ಕೋಲಾರಕ್ಕೋ ಸುಲಭವಾಗಿ ಸಿಗುವುದು 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರಿನಲ್ಲಿ ಅಳೆದ ಎತ್ತರ, ಚೌಕದ ಅಗಲ ಸುಮಾರು 30 ಮೀಟರ್. ಮೂರ್ನಾಲ್ಕು ಮೀಟರ್ ಅಗಲದ ರಾಜಕಾಲುವೆ ಆ ಚೌಕದಲ್ಲಿ ಕಾಣುವುದೇ ಇಲ್ಲ. ರೇಡಾರಿಗೆ ಕಟ್ಟಡದ ಚಾವಣಿಯೂ ನೆಲದಂತೆಯೇ ಕಾಣಬಹುದು, ತೋಪಿನ ನೆತ್ತಿಯೂ ಅಷ್ಟೇ.

ಇನ್ನೊಂದು ಎಚ್ಚರಿಕೆ. ಬಾಣ ಹಾಕುವ ಮೊದಲು ಬಹುತೇಕ ಪಾಠಗಳು ತಗ್ಗುಗಳನ್ನು ತುಂಬಿಸಿ ಎನ್ನುತ್ತವೆ. ಸುತ್ತಲೂ ಎತ್ತರವಿರುವ ಚೌಕದಲ್ಲಿ ನೀರಿಗೆ ಹೊರದಾರಿ ಇಲ್ಲದೆ ಲೆಕ್ಕ ನಿಂತುಹೋಗುತ್ತದೆ, ಹಾಗಾಗಿ ಅಂಥ ತಗ್ಗನ್ನು ಅಳತೆಯ ದೋಷ ಎಂದುಕೊಂಡು ಮಟ್ಟ ಮಾಡುವುದು ರೂಢಿ. ಯಾರ್ಕ್‌ಶೈರಿನ ಕಣಿವೆಗೆ ಇದು ಬಹುಮಟ್ಟಿಗೆ ಸರಿ. ಒಂದರ ಕೋಡಿ ಇನ್ನೊಂದಕ್ಕೆ ಬೀಳುವ ಕೆರೆಸಾಲು ಇರುವ ನಮ್ಮ ಬಯಲುಸೀಮೆಯಲ್ಲಿ ಈ ಒಂದು ಗುಂಡಿ ಒತ್ತಿದರೆ ಕೆರೆ ನೀರು ಹಿಡಿದಿಡುವ ತಗ್ಗೇ ಲೆಕ್ಕದಿಂದ ಹೋಗಿಬಿಡುತ್ತದೆ. ತುಂಬಿಸುವ ಮೊದಲಿನ ನಕ್ಷೆಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ತುಂಬಿಸಿದ ನಕ್ಷೆಯಿಂದ ಅದನ್ನು ಕಳೆಯಿರಿ. ಉಳಿದ ತೇಪೆಗಳಲ್ಲಿ ಯಾವುದು ಕೆರೆ, ಯಾವುದು ಕಲ್ಲುಕ್ವಾರಿ, ಯಾವುದು ಬರೀ ಅಳತೆಯ ದೋಷ ಎಂದು ಗುರುತಿಸಲು ಊರಿಗೆ ಫೋನ್ ಮಾಡಿ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ. ಯಾವ ಕೆರೆಯ ಕೋಡಿ ಯಾವ ಕಡೆಗಿತ್ತು ಎಂಬುದನ್ನೂ ಅದೇ ಫೋನಿನಲ್ಲಿ ಕೇಳಿ ಬರೆದುಕೊಳ್ಳಿ.